ಒಳ್ಳೆಯ ಗೆಡ್ಡೆಯನ್ನು ಯಾರಿಗೆ ಕೊಡುತ್ತೇವೆ?



ರೋಹಿಣಿ ಮಳೆಯ ಕಾಲವು ಸಮೀಪಿಸಿದಾಗ ಅಮ್ಮಿನಬಾವಿಯಂಥ ಎರೆಭೂಮಿಯ ಗ್ರಾಮಗಳಲ್ಲಿ ಒಕ್ಕಲಿಗರ ದೃಷ್ಟಿಯೆಲ್ಲ ಹೊಲದ ಕಡೆಗೇ ಇರುವದು. ಹಿತ್ತಲಿನಲ್ಲಿ ಬಚ್ಚಲ ನೀರು ಹರಿಯುವ ಕಡೆ ಬೆಳೆದ ಕಾಬಾಳೆಯನ್ನೂ ನಾಲ್ಕಾರು ಅರಿಸಿನದ ಗಿಡಗಳನ್ನೂ ವಿಚಾರಿಸುವವರು ಮನೆಯ ಹೆಣ್ಣುಮಕ್ಕಳೇ. ಅವರ ಈ ಚಿಕ್ಕ ಕೆಲಸದಿಂದ ನಮ್ಮ ಸಭೆಗಳು ಕಲಿಯತಕ್ಕದ್ದು ಉಂಟೆಂದು ನಮಗೆ ತೋರುತ್ತದೆ.

ಕಾಬಾಳೆಯ ಗೆಡ್ಡೆಯು ನೆಲದೊಳಗೆ ಅಡ್ಡವಾಗಿ ಹಬ್ಬುತ್ತಾ ಹೊಸ ಮೊಳಕೆಗಳನ್ನು ಹೊರಗಡೆಗೆ ಕಳುಹಿಸುತ್ತದೆ. ಎರಡು ಮೂರು ವರುಷ ಅದನ್ನು ಮುಟ್ಟದೆ ಬಿಟ್ಟರೆ ಅಂಚಿನಲ್ಲಿ ಹಸುರು ಕಾಣುವದು. ನಡುವೆಯಾದರೋ ಮುದಿಗೆಡ್ಡೆಗಳು ಒಂದರ ಮೇಲೊಂದು ಒತ್ತಿಕೊಂಡು ಸೊರಗುವವು, ಹೂವು ಸಣ್ಣದಾಗುವದು. ಗೊಬ್ಬರವನ್ನು ಎಷ್ಟು ಹಾಕಿದರೂ ಇದು ವಾಸಿಯಾಗದು. ಗಿಡಕ್ಕೆ ಬೇಕಾದದ್ದು ಸ್ಥಳವೇ.

ಆಗ ತಿಳಿದವಳು ಎಲೆಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಸುತ್ತಲೂ ಅಗೆದು, ಹಿಂಡನ್ನು ಇಡಿಯಾಗಿ ಮೇಲಕ್ಕೆತ್ತುತ್ತಾಳೆ. ಶುದ್ಧವಾದ ಕತ್ತಿಯಿಂದ ಒಂದೊಂದು ತುಂಡಿಗೆ ಎರಡು ಮೂರು ಕಣ್ಣುಗಳೂ ಸ್ವಲ್ಪ ಬೇರೂ ಉಳಿಯುವಂತೆ ಕೊಯ್ಯುತ್ತಾಳೆ. ಕೊಯ್ದ ಗಾಯವು ನೆರಳಿನಲ್ಲಿ ಒಂದು ದಿನ ಆರಿದ ಮೇಲೆ ಮೂರು ನಾಲ್ಕು ಅಂಗುಲ ಆಳದಲ್ಲಿ, ಒಂದೂವರೆ ಎರಡು ಅಡಿ ಅಂತರವಿಟ್ಟು ನೆಡುತ್ತಾಳೆ. ಎರೆಮಣ್ಣು ಮಳೆಗಾಲದಲ್ಲಿ ನೀರನ್ನು ಬಹಳ ಹೊತ್ತು ಹಿಡಿಯುವದರಿಂದ ಮಡಿಯನ್ನು ಎತ್ತರಿಸುವದು ಅವಶ್ಯ. ಇಲ್ಲದಿದ್ದರೆ ಗೆಡ್ಡೆ ಕೊಳೆಯುವದು. ಮೆತ್ತಗಾಗಿ ನಾರುವ ತುಂಡನ್ನು ತಿಪ್ಪೆಗೂ ಹಾಕಬಾರದು, ಸುಡಬೇಕು.

ಅರಿಸಿನದ ಸಂಗತಿ ಇನ್ನೂ ಆಶ್ಚರ್ಯವಾದದ್ದು. ಅದು ಹೂ ಬಿಡುವದಾದರೂ ನಾವು ಬೆಳೆಯುವ ಅರಿಸಿನದಲ್ಲಿ ಮೊಳೆಯುವಂಥ ಬೀಜ ಸಾಮಾನ್ಯವಾಗಿ ಕಟ್ಟುವದಿಲ್ಲ. ತಾಯಿಗೆಡ್ಡೆಯನ್ನೋ ಅದರಿಂದ ಮುರಿದ ಬೆರಳನ್ನೋ ನೆಟ್ಟೇ ಅದನ್ನು ಬೆಳೆಸಬೇಕು. ಅಂದಮೇಲೆ ನಮ್ಮ ಹಿತ್ತಲಿನ ಅರಿಸಿನವು ಹಿಂದೆ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಪಾಲಾಗುತ್ತಲೇ ಬಂದದ್ದು. ಒಂದು ತಲೆಮಾರಿನವರು ಬೀಜದ ಗೆಡ್ಡೆಯನ್ನೆಲ್ಲಾ ಬೇಯಿಸಿ ಪುಡಿಮಾಡಿದ್ದರೆ ಆ ಸಾಲು ಅಲ್ಲಿಗೇ ಮುಗಿಯುತ್ತಿತ್ತು.

ಈಗ ಒಂದು ಪ್ರಶ್ನೆ. ನೆರೆಯವರು ಬೀಜ ಕೇಳಿದಾಗ ನಾವು ಯಾವದನ್ನು ಕೊಡುತ್ತೇವೆ? ಅನೇಕರು ಕೊಡುವದು ನಡುವಿನ ಸೊರಗಿದ ತುಂಡನ್ನು. ಅಂತಿಯೋಕ್ಯದ ಸಭೆಯು ಹೀಗೆ ಮಾಡಲಿಲ್ಲ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯವನ್ನು ಓದಿರಿ. ಅಲ್ಲಿ ಹೆಸರಿಸಲ್ಪಟ್ಟ ಐವರು ಬೋಧಕರಲ್ಲಿ ಬಾರ್ನಬನನ್ನೂ ಸೌಲನನ್ನೂ ದೇವರಾತ್ಮನು ಕೇಳಿದನು. ಸಭೆಯವರು ಉಪವಾಸಮಾಡಿ, ಪ್ರಾರ್ಥಿಸಿ, ಅವರಿಬ್ಬರನ್ನೇ ಕಳುಹಿಸಿಕೊಟ್ಟರು. ನಮ್ಮ ಸೀಮೆಯೂ ಇಂಥ ಪಾಲಿನಿಂದಲೇ ಬೆಳೆದದ್ದು. 1834ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಬಾಸೆಲ್ ಮಿಶನ್ನಿನ ಕಾರ್ಯವು ಅಲ್ಲಿ ಬಲವಾಗಿ ಬೇರೂರುವ ತನಕ ಕಾಯದೆ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಹಬ್ಬಿತು.

ಅಮ್ಮಿನಬಾವಿಯಲ್ಲಿ ಶುದ್ಧಿಯಾದ ಮಲಪ್ರಭೆಯ ನೀರು ಹುಬ್ಬಳ್ಳಿ ಧಾರವಾಡಗಳಿಗೆ ಹೋಗುವಂತೆ ಗ್ರಾಮಗಳ ಮಕ್ಕಳೂ ಪಟ್ಟಣಕ್ಕೆ ಹೋಗುತ್ತಾರೆ. ಹಾಡು ನಡಿಸುವ ಹುಡುಗಿ, ಭಾನುವಾರದ ಶಾಲೆಯಲ್ಲಿ ಕಲಿಸುವ ತರುಣನು, ಇಂಥವರೇ ಮೊದಲು ಹೊರಡುವರು. ಉಳಿದ ಹಿರಿಯರು ಸಭೆ ಬರಿದಾಯಿತೆಂದು ಮರುಗುತ್ತಾರೆ. ಆ ದುಃಖವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಕೊಯ್ದ ಗೆಡ್ಡೆಗೆ ಗಾಯವಿದ್ದೇ ಇದೆ. ಆದರೆ ಹೋಗುವವರನ್ನು ಮುನಿಸಿನಿಂದ ಕಳುಹಿಸುವದು ಮೊದಲನೆಯ ಕೇಡು. ಕುರುಬರ ಜಗಳ ಎದ್ದಾಗ ಅಬ್ರಾಮನು ಹಿರಿಯನಾಗಿದ್ದರೂ ಲೋಟನಿಗೇ ಮೊದಲು ಆರಿಸಿಕೊಳ್ಳಗೊಟ್ಟನಲ್ಲವೇ? ಎರಡನೆಯದು, ಕಳುಹಿಸಿದ ಮೇಲೆ ಮರೆಯುವದು. ಕಿತ್ತ ತುಂಡನ್ನು ಬಿಸಿಲಿಗೆ ಬಿಸಾಡಿ ಬಂದರೆ ಅದರಲ್ಲಿ ಎಷ್ಟು ಕಣ್ಣುಗಳಿದ್ದರೇನು?

ಸಭೆಯ ಹಿರಿಯರೇ, ಈ ವರುಷ ನಿಮ್ಮ ಊರಿನಿಂದ ಹೋದವರು ಯಾರು ಯಾರೆಂದು ಬರೆದಿಡಿರಿ. ಅವರು ಸೇರಿದ ಊರಿನ ಸಭಾಪಾಲಕರಿಗೆ ಒಂದು ಪತ್ರವನ್ನು ಕಳುಹಿಸಿ, ಇಂಥ ಬೀದಿಯಲ್ಲಿ ನಮ್ಮವರಿದ್ದಾರೆ, ಇವರಿಗೆ ಹಾಡಲು ಬರುತ್ತದೆ, ಇವರಿಗೆ ಕಲಿಸಲು ಬರುತ್ತದೆ ಎಂದು ತಿಳಿಸಿರಿ. ಅವರು ಬಿಟ್ಟುಹೋದ ಕೆಲಸವನ್ನು ನಿಮ್ಮ ಮಧ್ಯದ ಹದಿನೈದು ಹದಿನಾರರ ಪ್ರಾಯದವರಿಗೆ ಮುಂದಿನ ಭಾನುವಾರವೇ ಒಪ್ಪಿಸಿರಿ.