ಗಂಟು ಕಟ್ಟಿಟ್ಟ ಮಾತು

‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.’ ನಾಲಿಗೆ ಹಿಡಿತದಲ್ಲಿರಲಿ ಎಂದು ಹಿರಿಯರು ಎಚ್ಚರಿಸುವಾಗ ಈ ಗಾದೆ ಹೇಳುತ್ತಾರೆ. ಬೈಗುಳ, ಚಾಡಿ, ದುಡುಕಿನ ಮಾತು ಇವಕ್ಕೇ ಅದನ್ನು ಹಚ್ಚಿ ನಮಗೆ ರೂಢಿ. ಆದರೆ ಆಡಿದ ಮೇಲೆ ಹಿಂದಕ್ಕೆ ಬಾರದ ಮಾತುಗಳಲ್ಲಿ ‘ಬರ್ತೀನಿ’ ಎಂಬುದೂ ಒಂದು. ಅದು ಬಾಯಿಂದ ಹೊರಟಿತೋ, ಇನ್ನೊಬ್ಬರ ಮನೆಯಲ್ಲಿ ಅಕ್ಕಿಯ ಅಳತೆ ಬದಲಾಗುತ್ತದೆ.

ಹಾಗಾದರೆ ಬರಲಾಗದೆ ಹೋದಾಗ ಮುತ್ತು ಒಡೆದೇ ಹೋಯಿತೆ? ಇಲ್ಲ ಎಂದು ನನಗೆ ತೋರಿಸಿಕೊಟ್ಟದ್ದು ಅಂತರಘಟ್ಟೆ ಸೀಮೆಯ ಹರಕೆ.

ಅಜ್ಜಂಪುರ ತಾಲ್ಲೂಕಿನ ಈ ಊರಲ್ಲಿ ಫೆಬ್ರುವರಿಯ ಹೊತ್ತಿಗೆ ಅಂತರಘಟ್ಟಮ್ಮನ ಜಾತ್ರೆ. ತರೀಕೆರೆ, ಕಡೂರು, ಭದ್ರಾವತಿ ಕಡೆಯಿಂದ ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಹರಕೆ ಎಂದರೆ ದೇವರೊಡನೆ ಗೊತ್ತು ಮಾಡಿಕೊಂಡ ದಿನವಲ್ಲದೆ ಇನ್ನೇನು? ಆದರೆ ಎತ್ತು ಕುಂಟುತ್ತದೆ, ಮನೆಯವರು ಮಲಗುತ್ತಾರೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿ, ರಾಜ್ಯದ ಹಲವು ಜಿಲ್ಲೆಗಳಲ್ಲಿ ದನಗಳ ಜಾತ್ರೆ, ಸಂತೆಗಳಿಗೇ ತಡೆ ಬಿದ್ದಿತ್ತು. ಹರಕೆ ತೀರಿಸಲು ಆಗದಾಗ ನಮ್ಮ ಹೆಂಗಸರು ಸುಮ್ಮನೆ ಕೂರುವುದಿಲ್ಲ. ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಮುಂದಿಟ್ಟು, ‘ಈ ಸಲ ಆಗ್ಲಿಲ್ಲ ತಾಯಿ, ತಪ್ಪಾಯ್ತು. ಬರೋ ವರ್ಷ ಬಂದು ಒಪ್ಪಿಸ್ತೀವಿ’ ಎನ್ನುತ್ತಾರೆ. ಅದೇ ಮುಡಿಪು.

ಆ ಗಂಟಿನಲ್ಲಿ ಎಷ್ಟು ವಿವೇಕ ಇದೆ ನೋಡಿ. ಹೇಳಿದ್ದು ದೇವಿಗೇ, ಇನ್ನೊಬ್ಬರ ಕೈಲಿ ಹೇಳಿಕಳಿಸಿದ್ದಲ್ಲ. ಎತ್ತಿನ ಕಾಲಿನ ಕಥೆಯನ್ನು ಉದ್ದಕ್ಕೆ ಎಳೆಯಲಿಲ್ಲ. ತಪ್ಪಾಯ್ತು ಎಂದು ಒಪ್ಪಿಕೊಂಡು, ಮುಂದೆ ಯಾವಾಗ ಎಂಬುದನ್ನೂ ಆಗಲೇ ಹೇಳಿದ್ದಾಯಿತು. ಗಂಟು ದಿನಾ ಕಣ್ಣೆದುರು ಇರುವುದರಿಂದ ಮರೆಯುವಂತೆಯೂ ಇಲ್ಲ. ಮುತ್ತು ಒಡೆಯಲಿಲ್ಲ, ಬಟ್ಟೆಯೊಳಗೆ ಜೋಪಾನವಾಯಿತು.

ಮನುಷ್ಯರ ನಡುವೆ ಇನ್ನೂ ಒಂದು ಬೇಕು: ಹೊತ್ತಿಗೆ ಮುಂಚೆ ಹೇಳುವುದು. ಅಜ್ಜಂಪುರದ ಸುತ್ತ ಈರುಳ್ಳಿ ಬೆಳೆಯುವವರಿಗೆ ಇದು ಚೆನ್ನಾಗಿ ಗೊತ್ತು. ಮುಯ್ಯಾಳಿಗೆ ಬರುತ್ತೇನೆಂದವರು ಹಿಂದಿನ ಸಂಜೆಯೇ ‘ನಾಳೆ ಆಗಲ್ಲ ಕಣಣ್ಣ’ ಎಂದರೆ ಹೊಲದವನು ಇನ್ನೊಂದು ಮನೆಯ ಬಾಗಿಲು ತಟ್ಟಬಹುದು. ಬೆಳಗ್ಗೆ ಹೊಲದಲ್ಲಿ ನಿಂತು ದಾರಿ ಕಾಯುವಾಗ ತಿಳಿದರೆ, ಕಿತ್ತ ಈರುಳ್ಳಿ ಮೇಲೆ ಮಳೆ ಬೀಳುವುದನ್ನು ನೋಡುವುದಷ್ಟೇ ಅವನ ಪಾಲಿಗೆ. ಡಾಕ್ಟರ ಹತ್ತಿರ ಹೆಸರು ಬರೆಸಿ ಹೋಗದೆ ಉಳಿಯುವುದೂ ಹೀಗೆಯೇ. ಆ ಹೊತ್ತು ಇನ್ನೊಬ್ಬ ರೋಗಿಗೆ ಸಿಗಬಹುದಿತ್ತು.

ಕಾರಣ ಎಷ್ಟು ಹೇಳಬೇಕು? ನಮ್ಮಲ್ಲಿ ‘ಅಡಚಣೆ’ ಎಂಬ ಒಳ್ಳೆಯ ಪದವಿದೆ. ಸ್ವಲ್ಪ ಅಡಚಣೆ ಎಂದರೆ ಮರ್ಯಾದಸ್ಥರು ಮುಂದೆ ಕೆದಕುವುದಿಲ್ಲ. ಸುಳ್ಳು ಜ್ವರ, ಸುಳ್ಳು ನೆಂಟರನ್ನು ಕಟ್ಟುವುದಕ್ಕಿಂತ ಈ ಒಂದು ಪದ ಸಾವಿರ ಪಾಲು ಮೇಲು.

ಗೋವಿನ ಹಾಡಿನ ಪುಣ್ಯಕೋಟಿಯನ್ನು ನಾವು ಸತ್ಯಕ್ಕಾಗಿ ನೆನೆಯುತ್ತೇವೆ. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದಲ್ಲಿ ಹಸು ನೋಡುವಾಗಲೆಲ್ಲ ನನಗೆ ಕಾಣುವುದು ಆ ಕಥೆಯ ಇನ್ನೊಂದು ಮುಖ. ಅವಳು ಹುಲಿಯ ಎದುರಿಗೇ ನಿಂತು ಗಡುವು ಕೇಳಿದಳು. ಓಡಿಹೋಗಲಿಲ್ಲ.

ನಾನು ಓಡಿದ್ದೆ. ಒಂದು ವರ್ಷ ಜಾತ್ರೆಯ ಊಟಕ್ಕೆ ಬರುತ್ತೇನೆಂದು ಸೋದರತ್ತೆಗೆ ಹೇಳಿ, ಬೆಂಗಳೂರಲ್ಲಿ ಕೆಲಸಕ್ಕೆ ಸಿಕ್ಕಿಕೊಂಡೆ. ಹೋಗಲಾಗದು ಎಂದು ಬೆಳಗ್ಗೆಯೇ ಗೊತ್ತಿತ್ತು. ಹೇಳಲು ಮುಜುಗರವಾಗಿ ಫೋನ್ ಮಾಡದೆ, ರಾತ್ರಿ ಅವರ ಮೊಮ್ಮಗನ ವಾಟ್ಸಾಪಿಗೆ ಎರಡು ಸಾಲು ಹಾಕಿದೆ. ಮಧ್ಯಾಹ್ನ ಮೂರರವರೆಗೂ ಅತ್ತೆ ಊಟ ಮಾಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮುಜುಗರ ನನ್ನದು, ಹಸಿವು ಅವರದು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಮರುವರ್ಷವೂ ಹೋಗಲಾಗಲಿಲ್ಲ. ಎರಡು ದಿನ ಮೊದಲೇ ಫೋನ್ ಮಾಡಿದೆ. ‘ಅತ್ತೆ, ಈ ಸಲ ಅಡಚಣೆ. ತಪ್ಪು ತಿಳ್ಕೋಬೇಡಿ, ಯುಗಾದಿಗೆ ಬಂದೇ ಬರ್ತೀನಿ.’

‘ಆಯ್ತು ಬಿಡಪ್ಪ’ ಎಂದರು ಅತ್ತೆ. ‘ಒಂದು ಪಾವು ಅಕ್ಕಿ ಕಮ್ಮಿ ಹಾಕ್ತೀನಿ.’