ಬಾಂಬು ಬೀಳದ ಊರು

ಅಣುಬಾಂಬು ಹಾಕಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಎದ್ದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಬಾಂಬು ಬೀಳದೆ ಉಳಿದ ಊರಿನಲ್ಲಿ. 1945ರ ಮೇ ತಿಂಗಳಲ್ಲಿ ಅಮೆರಿಕದ ಗುರಿ ನಿರ್ಧಾರ ಸಮಿತಿ ಮಾಡಿದ ಪಟ್ಟಿಯ ಮೊದಲ ಸಾಲಿನಲ್ಲಿದ್ದದ್ದು ಕ್ಯೋಟೊ. ಅಲ್ಲಿನ ಜನ ಬುದ್ಧಿವಂತರು, ಈ ಅಸ್ತ್ರದ ಮಹತ್ವ ಅವರಿಗೆ ಚೆನ್ನಾಗಿ ತಿಳಿದೀತು ಎಂಬ ಕಾರಣವೂ ಸಭೆಯ ನಡಾವಳಿಯಲ್ಲಿದೆ. ತಿಳಿದುಕೊಳ್ಳಲು ಉಳಿಯುವವರಾದರೂ ಯಾರು?

ಅದನ್ನು ಪಟ್ಟಿಯಿಂದ ಹೊಡೆದು ಹಾಕಿಸಿದವನು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್. ಬಾಂಬು ಯೋಜನೆಯ ಹೊಣೆ ಹೊತ್ತಿದ್ದ ಜನರಲ್ ಗ್ರೋವ್ಸ್ ಮತ್ತೆ ಮತ್ತೆ ಒತ್ತಾಯಿಸಿದರೂ ಜಗ್ಗಲಿಲ್ಲ. ಜುಲೈನಲ್ಲಿ ಪಾಟ್ಸ್‌ಡ್ಯಾಮ್‌ನಲ್ಲಿ ಅಧ್ಯಕ್ಷ ಟ್ರೂಮನ್‌ರನ್ನೇ ಒಪ್ಪಿಸಿದ. ಕ್ಯೋಟೊ ಸುಟ್ಟರೆ ಜಪಾನಿಯರು ಎಂದೂ ಕ್ಷಮಿಸಲಾರರು, ರಷ್ಯಾದ ಕಡೆ ವಾಲುತ್ತಾರೆ ಎಂಬ ರಾಜಕೀಯ ಲೆಕ್ಕ ಅವನ ವಾದದಲ್ಲಿತ್ತು. ಆದರೆ ಇನ್ನೊಂದು ಸಂಗತಿಯೂ ಇದೆ. 1920ರ ದಶಕದಲ್ಲಿ ಅವನು ಕ್ಯೋಟೊಗೆ ಹೋಗಿದ್ದ, ಆ ಊರನ್ನು ಕಣ್ಣಾರೆ ಕಂಡಿದ್ದ. ನೋಡಿದ ಊರಿಗೆ ಬೆಂಕಿ ಇಡಲು ಕೈ ಬರುವುದಿಲ್ಲ ಎಂಬುದೇ ನಿಜವಾದರೆ, ಲಕ್ಷಾಂತರ ಜನರ ಜೀವ ಒಬ್ಬ ಮುದುಕನ ಪ್ರವಾಸದ ನೆನಪಿಗೆ ಜೋತುಬಿದ್ದಿತ್ತೆಂದಾಯಿತು. ಈ ಬೆರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಇದೇ ಸ್ಟಿಮ್ಸನ್ 1947ರಲ್ಲಿ 'ಹಾರ್ಪರ್ಸ್' ಪತ್ರಿಕೆಯಲ್ಲಿ ಬಾಂಬನ್ನು ಸಮರ್ಥಿಸಿ ಬರೆದ. ಜಪಾನಿನ ಮೇಲೆ ದಂಡೆತ್ತಿ ಹೋಗಿದ್ದರೆ ಅಮೆರಿಕದ ಸೈನಿಕರೇ ಹತ್ತು ಲಕ್ಷ ಮಂದಿ ಸಾಯುತ್ತಿದ್ದರು ಇಲ್ಲವೇ ಗಾಯಗೊಳ್ಳುತ್ತಿದ್ದರೆಂಬ ಅಂದಾಜನ್ನು ಮುಂದಿಟ್ಟ. ಒಕಿನಾವಾದ ರಕ್ತಪಾತ ಕಂಡವರಿಗೆ ಅದು ಬರೀ ನೆಪವಾಗಿ ಕಾಣಲಾರದು. ಚಕ್ರವರ್ತಿಯನ್ನು ಉಳಿಸುವ ಭರವಸೆ ಕೊಟ್ಟಿದ್ದರೆ, ಸೋವಿಯತ್ ದಾಳಿಯವರೆಗೆ ಕಾದಿದ್ದರೆ ಜಪಾನ್ ಶರಣಾಗುತ್ತಿತ್ತು ಎನ್ನುವವರದೂ ಹುರುಳಿಲ್ಲದ ಮಾತಲ್ಲ. ಹಿರೋಷಿಮಾದ ಮಟ್ಟಿಗೆ ಎರಡೂ ಕಡೆಯ ವಾದವನ್ನು ಕೂತು ಕೇಳಬಲ್ಲೆ.

ನಾಗಾಸಾಕಿಯ ಮಟ್ಟಿಗೆ ಆಗದು. ಕ್ಯೋಟೊ ಹೊರಬಿದ್ದ ಮೇಲೆ ಪಟ್ಟಿಗೆ ಸೇರಿದ ಊರು ಅದು. ಆಗಸ್ಟ್ 9ರಂದು ವಿಮಾನ ಹೊರಟದ್ದು ಕೊಕುರಾಕ್ಕೆ. ಅಲ್ಲಿ ಮೋಡ, ಹೊಗೆ. ಮೂರು ಸಲ ಸುತ್ತಿದರೂ ಗುರಿ ಕಾಣದೆ ನಾಗಾಸಾಕಿಯತ್ತ ತಿರುಗಿತು. 11.02ಕ್ಕೆ ಬಾಂಬು ಸಿಡಿದಾಗ ಸುಮಾರು ಅರ್ಧ ಕಿಲೋಮೀಟರ್ ದೂರದ ಉರಾಕಾಮಿ ಚರ್ಚಿನೊಳಗೆ ಪಾಪನಿವೇದನೆ ನಡೆಯುತ್ತಿತ್ತು. ಒಳಗಿದ್ದವರು ಯಾರೂ ಉಳಿಯಲಿಲ್ಲ.

ಹಿರೋಷಿಮಾದಲ್ಲಿ ಏನಾಯಿತೆಂದು ಟೋಕಿಯೊ ಸರಿಯಾಗಿ ಅರಿಯಲೂ ಎರಡು ಬಾಂಬುಗಳ ನಡುವಿನ ಮೂರು ದಿನ ಸಾಲದು. ಆ ಮೂರು ದಿನಗಳಲ್ಲಿ ಯಾರೂ ಕೂತು ಎರಡನೆಯದು ಬೇಕೇ ಎಂದು ತೀರ್ಮಾನಿಸಲಿಲ್ಲ. ತೀರ್ಮಾನಿಸುವ ಅಗತ್ಯವೇ ಇರಲಿಲ್ಲ. ಸಿದ್ಧವಾದಂತೆಲ್ಲ ಹಾಕುತ್ತ ಹೋಗಿ ಎಂದು ಜುಲೈ 25ರ ಆದೇಶವೇ ಹೇಳಿತ್ತು. ಇನ್ನು ಅಧ್ಯಕ್ಷರ ಅಪ್ಪಣೆಯಿಲ್ಲದೆ ಹಾಕಕೂಡದು ಎಂಬ ನಿರ್ಬಂಧ ಬಂದದ್ದು ಆಗಸ್ಟ್ 10ರಂದು, ನಾಗಾಸಾಕಿ ಸುಟ್ಟ ಮರುದಿನ.