ನಾಲ್ಕನೇ ದಿನ ಏನು ಮಾಡ್ತೀರಾ?

ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿನ ರಜೆ ಪತ್ರ, 30,000 ಯೂರೋ ಟ್ರಾವೆಲ್ ಇನ್ಶೂರೆನ್ಸು, ಹೋಟೆಲ್ ಬುಕಿಂಗು, ಎಲ್ಲಾ ಒಂದು ಫೈಲಿಗೆ ಹಾಕಿ ವಿಜಯನಗರದ ಏಜೆಂಟ್ ಮುಂದಿಟ್ಟೆ. ಅವರು ಹಾಳೆ ತಿರುವುತ್ತಾ ದಿನವಾರು ಪ್ಲ್ಯಾನ್ ಹತ್ತಿರ ನಿಂತರು.

'ಸಾರ್, ಮೂರನೇ ದಿನ ರೆಸ್ಟ್ ಅಂತ ಬರೆದಿದೀರ. ನಾಲ್ಕನೇ ದಿನಾನೂ ರೆಸ್ಟ್. ಅಲ್ಲಿ ಏನ್ ಮಾಡ್ತೀರಾ?'

'ಏನೂ ಇಲ್ಲ. ಸುಮ್ನೆ ಇರ್ತೀವಿ.'

'ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಸುಮ್ನೆ ಇರ್ತೀನಿ ಅಂದ್ರೆ ಅವರಿಗೆ ಅನುಮಾನ ಬರುತ್ತೆ ಸಾರ್. ಬೋಟ್ ಟ್ರಿಪ್ ಅಂತ ಹಾಕಿ.'

ಹಾಕಿದೆ. ಮೂರನೇ ದಿನ ಬೋಟ್ ಟ್ರಿಪ್, ನಾಲ್ಕನೇ ದಿನ ಬೆಟ್ಟ ಹತ್ತೋದು. ನನಗೆ ದೋಣಿ ಕಂಡರೆ ಹೊಟ್ಟೆ ತೊಳೆಸುತ್ತದೆ, ನನ್ನ ಹೆಂಡತಿಗೆ ಮಂಡಿ ನೋವು.

ನಾವು ಹೊರಟಿದ್ದು ಸೊಮ್ಮರೋಯ್ ಅನ್ನೋ ದ್ವೀಪಕ್ಕೆ. ಉತ್ತರ ನಾರ್ವೆಯ ಟ್ರೋಮ್ಸೊ ನಗರದ ಪಶ್ಚಿಮಕ್ಕೆ, ಆರ್ಕ್ಟಿಕ್ ವೃತ್ತದಿಂದಲೂ ಸಾಕಷ್ಟು ಮೇಲೆ. ಸುಮಾರು 300 ಜನರ ಮೀನುಗಾರರ ಊರು, ಬಿಳಿ ಮರಳಿನ ದಂಡೆ, ಪಕ್ಕದ ದೊಡ್ಡ ದ್ವೀಪಕ್ಕೊಂದು ಸೇತುವೆ. ಹೆಸರಿನ ಅರ್ಥವೇ ಬೇಸಿಗೆ ದ್ವೀಪ. ಮೇ 18ರಿಂದ ಜುಲೈ 26ರವರೆಗೆ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಚಳಿಗಾಲದಲ್ಲಿ ಹಾಗೇ ವಾರಗಟ್ಟಲೆ ಹುಟ್ಟುವುದೂ ಇಲ್ಲ.

2019ರ ಜೂನ್‌ನಲ್ಲಿ ಈ ಊರು ಜಗತ್ತಿನ ಪೇಪರುಗಳಲ್ಲೆಲ್ಲಾ ಬಂದಿತ್ತು. ನಮ್ಮದು ಕಾಲವಿಲ್ಲದ ವಲಯ ಅಂತ ಘೋಷಿಸಿ ಎಂದು ಊರಿನವರು ಕೇಳುತ್ತಿದ್ದಾರೆ, ಸೇತುವೆಗೆ ಕೈಗಡಿಯಾರ ಕಟ್ಟಿದ್ದಾರೆ, ರಾತ್ರಿ ಎರಡಕ್ಕೆ ಫುಟ್‌ಬಾಲ್ ಆಡ್ತಾರೆ, ಮನೆಗೆ ಬಣ್ಣ ಬಳೀತಾರೆ ಅಂತ. ನಾನದನ್ನು ಓದಿದ್ದು ರಾತ್ರಿ ಹನ್ನೊಂದೂವರೆಗೆ, ಅಮೆರಿಕದ ಟೀಮಿನ ಕಾಲ್‌ನಲ್ಲಿ ಮ್ಯೂಟ್ ಒತ್ತಿಕೊಂಡು. ಹೋದರೆ ಈ ಊರಿಗೇ ಹೋಗಬೇಕು ಅನ್ನಿಸಿತು. ಕೆಲವೇ ದಿನಕ್ಕೆ ಅದು ಜಾಹೀರಾತು ಅಂತ ಗೊತ್ತಾಯಿತು. ಸರ್ಕಾರದ್ದೇ ಸಂಸ್ಥೆ ಇನ್ನೊವೇಶನ್ ನಾರ್ವೆ, ಪ್ರವಾಸಿಗರನ್ನು ಸೆಳೆಯೋಕೆ ಹಿಂದೆ ನಿಂತು ಮಾಡಿಸಿದ್ದು. ಆಮೇಲೆ ಕ್ಷಮೆಯನ್ನೂ ಕೇಳಿತು. ಮೋಸ ಅಂತ ಗೊತ್ತಾದ ಮೇಲೂ ನನ್ನ ಆಸೆ ಹೋಗಲಿಲ್ಲ ನೋಡಿ. ಗಡಿಯಾರ ಕಟ್ಟಿದ್ದು ನಾಟಕ ಇರಬಹುದು, ಮುಳುಗದ ಸೂರ್ಯ ನಾಟಕ ಅಲ್ಲವಲ್ಲ ಅಂತ ನನಗೆ ನಾನೇ ವಾದ ಮಾಡಿಕೊಂಡೆ.

ಆದರೆ ಏಜೆಂಟ್ ಕೇಳಿದ ಪ್ರಶ್ನೆ ಬಸ್ಸಿನಲ್ಲಿ ಬಸವೇಶ್ವರನಗರದವರೆಗೂ ಜೊತೆಗೇ ಬಂತು. ಸುಮ್ಮನಿರುವುದಕ್ಕೆ ಕಾರಣ ಯಾಕೆ ಕೊಡಬೇಕು? ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಎತ್ತು ಅರ್ಜಿ ಹಾಕಲ್ಲ, ಯಜಮಾನ ಯಾಕೆ ಅಂತ ಕೇಳಲ್ಲ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ. ಮೀನು ಮರಿ ಮಾಡುವ ಕಾಲ, ಕಡಲೂ ಬಿರುಸು. ಆ ಎರಡು ತಿಂಗಳು ಆದಾಯವೂ ಇಲ್ಲ ಅನ್ನೋದನ್ನ ಮರೆತು ನಾನಿದನ್ನ ಚಂದ ಮಾಡಿ ಹೇಳಬಾರದು. ಆದರೂ ಆ ಬಿಡುವು ಋತುವಿನದು, ಊರಿಗೆಲ್ಲಾ ಸೇರಿದ್ದು. ಯಾರೊಬ್ಬನೂ ತಾನು ಸೋಮಾರಿಯಲ್ಲ ಅಂತ ಸಾಬೀತು ಮಾಡಬೇಕಿಲ್ಲ. ನಮ್ಮ ಆಫೀಸಿನ ರಜೆ ಪೋರ್ಟಲ್‌ನಲ್ಲಿ ಕಾರಣದ ಡಬ್ಬಿ ತುಂಬದೆ ಬಟನ್ನೇ ಒತ್ತೋಕಾಗಲ್ಲ.

ಇಷ್ಟೆಲ್ಲಾ ಮಹಾಜ್ಞಾನ ಬಂದ ವಾರದಲ್ಲೇ ನಮ್ಮನೆ ಕೆಲಸಕ್ಕೆ ಬರುವ ಅಕ್ಕ ಎರಡು ದಿನ ಬರಲಿಲ್ಲ. ಕುಣಿಗಲ್ ಹತ್ತಿರ ದೊಡ್ಡಪ್ಪ ತೀರಿಕೊಂಡ್ರು ಅಂತ ಫೋನ್ ಮಾಡಿದ್ದರು. 'ಈ ವರ್ಷ ಇದು ಮೂರನೇ ಸಾವು' ಅಂತ ನಾವಿಬ್ಬರೂ ನಕ್ಕಿದ್ದೆವು. ಹೌದು, ನಕ್ಕಿದ್ದೆವು.

ಎರಡನೇ ದಿನ ಬೆಳಿಗ್ಗೆ ಅಮ್ಮನ ಮಾತ್ರೆ ಡಬ್ಬಿ ಎಲ್ಲಿಟ್ಟಿದ್ದಾರೆ ಅಂತ ತಿಳಿಯಲಿಲ್ಲ. ಫೋನ್ ಸ್ವಿಚ್ಡ್ ಆಫ್. ಮಗಳಾದರೂ ಇರ್ತಾಳೆ ಅಂತ ಕಾಮಾಕ್ಷಿಪಾಳ್ಯದ ಅವರ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಫ್ಯಾನ್ ತಿರುಗುತ್ತಿತ್ತು. ಅಕ್ಕ ಚಾಪೆ ಮೇಲೆ ಅಂಗಾತ ಮಲಗಿದ್ದರು, ಟೀವಿ ಇಲ್ಲ, ಏನಿಲ್ಲ. ನನ್ನ ಕಂಡು ಸೆರಗು ಎಳೆದುಕೊಂಡು ದಡಕ್ಕನೆ ಎದ್ದರು.

'ಸಾರ್, ಅದು... ಇವತ್ತು ಬೆಳಿಗ್ಗೆ ಬಂದ್ವಿ ಊರಿಂದ.'

'ಇರಲಿ ಅಕ್ಕ, ಮಾತ್ರೆ ಡಬ್ಬಿ ಎಲ್ಲಿದೆ?'

'ಫ್ರಿಜ್ ಮೇಲೆ ಸಾರ್. ನಾಳೆ ಬಂದ್ಬಿಡ್ತೀನಿ ಸಾರ್. ಸಂಬಳ ಹಿಡೀಬೇಡಿ.'

ಆಕೆ ಐದು ಮನೆ ಮಾಡ್ತಾರೆ. ವಾರದ ರಜೆ ಅಂತ ಇಲ್ಲ, ಭಾನುವಾರ ಎಲ್ಲರ ಮನೆಯಲ್ಲೂ ಪಾತ್ರೆ ಜಾಸ್ತಿ. 1948ರ ಫ್ಯಾಕ್ಟರಿ ಕಾಯ್ದೆಯ ಪುಣ್ಯ, ರಾಜಾಜಿನಗರದ ಕಾರ್ಖಾನೆಯಲ್ಲಿ ದುಡಿದ ನಮ್ಮಪ್ಪನಿಗೆ ವಾರಕ್ಕೊಂದು ರಜೆ, ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ಸಂಬಳದ ರಜೆ ಬರೆದಿಟ್ಟಿತ್ತು. ಅಡುಗೆಮನೆ ಕಾರ್ಖಾನೆ ಅಲ್ಲ. ಅಲ್ಲಿ ರಜೆ ಬೇಕಾದರೆ ಯಾರಾದರೂ ಸಾಯಬೇಕು.

ನಾನು ಹೇಳಿದ್ದೂ ಸುಳ್ಳು, ಆಕೆ ಹೇಳಿದ್ದೂ ಸುಳ್ಳು. ಎರಡೂ ಒಂದೇ ವಿಷಯಕ್ಕೆ. ಆದರೆ ನನ್ನ ಸುಳ್ಳನ್ನು ನೀಟಾಗಿ ಟೈಪ್ ಮಾಡಿಕೊಟ್ಟ ಏಜೆಂಟ್ ಫೀಸ್ ತಗೊಂಡರು, ಆಕೆಯ ಸುಳ್ಳನ್ನು ನಾವು ಊಟದ ಟೇಬಲ್ಲಿನಲ್ಲಿ ಜೋಕ್ ಮಾಡಿದೆವು. ಇನ್ನೂ ಒಂದಿದೆ. ನಾವು ದ್ವೀಪದಲ್ಲಿ ಸುಮ್ಮನಿರುವ ಆ ದಿನಗಳಲ್ಲಿ ಅಮ್ಮನ ಜೊತೆ ರಾತ್ರಿಯೂ ಉಳಿಯೋದು ಇದೇ ಅಕ್ಕ ಅಂತ ನಮ್ಮ ಎಕ್ಸೆಲ್ ಶೀಟಿನಲ್ಲಿ ಬರೆದಿತ್ತು. ಆಕೆಯನ್ನು ಕೇಳಿರಲಿಲ್ಲ.

ಟ್ರಿಪ್ ಕ್ಯಾನ್ಸಲ್ ಮಾಡೋಣ್ವಾ ಅಂದೆ ಹೆಂಡತಿಗೆ. 'ನೀನು ಹೋಗದೆ ಇದ್ರೆ ಅಕ್ಕಂಗೆ ರಜೆ ಸಿಗುತ್ತಾ?' ಅಂದಳು. ಸಿಗಲ್ಲ. ಶೀಟಿನಲ್ಲಿ ಆಕೆಯ ಹೆಸರು ತೆಗೆದು, ಕೆಂಗೇರಿಯಲ್ಲಿರುವ ನನ್ನ ತಂಗಿಯನ್ನು ಬಂದಿರೋಕೆ ಕೇಳಿದೆವು. ಒಪ್ಪಿಸೋಕೆ ಎರಡು ಸಲ ಹೋಗಬೇಕಾಯಿತು, ಅದು ಬೇರೆ ಕತೆ. ಅಕ್ಕನಿಗೆ ತಿಂಗಳಿಗೆ ನಾಲ್ಕು ದಿನ ಸಂಬಳ ಹಿಡಿಯದ ರಜೆ, ಕಾರಣ ಹೇಳಬೇಕಿಲ್ಲ ಅಂತ ಹೇಳಿದೆವು. ಉಳಿದ ನಾಲ್ಕು ಮನೆಯ ಮಾತು ನಾವು ಹೇಳೋಕಾಗಲ್ಲ.

ವೀಸಾ ಬಂದಿದೆ. ಬೋಟ್ ಟ್ರಿಪ್ ಯಾರೂ ವಿಚಾರಿಸಲಿಲ್ಲ.

ಮೊನ್ನೆ ಬುಧವಾರ ಅಕ್ಕ ಮೊದಲ ರಜೆ ತಗೊಂಡರು. ಮಂಗಳವಾರ ಸಂಜೆ ಹೊರಡುವಾಗ ಬಾಗಿಲಲ್ಲಿ ನಿಂತು, 'ನಾಳೆ ಬರಲ್ಲ ಸಾರ್' ಅಂದರು. ಸರಿ ಅಂದೆ. ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದವರು ತಿರುಗಿ, 'ತಂಗಿ ಮಗೀಗೆ ಜ್ವರ' ಅಂದರು.